ಕ್ಯಾಮೆರಾ ಯಾರ ಮುಖ ನೋಡಿ ಬೆಳಕು ಅಳೆಯುತ್ತದೆ?

ಹುಲಸೂರಿನ ಒಂದು ಶಾಲೆಯಲ್ಲಿ ಹತ್ತನೆಯ ತರಗತಿಯ ಮಕ್ಕಳ ಗ್ರೂಪ್ ಫೋಟೊ ತೆಗೆಯುತ್ತಿದ್ದಾರೆ ಎಂದು ಇಟ್ಟುಕೊಳ್ಳಿ. ಫೆಬ್ರುವರಿ ತಿಂಗಳ ಚುರುಕು ಬಿಸಿಲು. ಹಿಂದೆ ಹೊಸದಾಗಿ ಸುಣ್ಣ ಬಳಿದ ಉದ್ದನೆಯ ಗೋಡೆ. ಮುಂದಿನ ಸಾಲಿನಲ್ಲಿ ಕುರ್ಚಿಗಳ ಮೇಲೆ ಗುರುಗಳು, ಹಿಂದಿನ ಸಾಲಿನಲ್ಲಿ ಬೆಂಚಿನ ಮೇಲೆ ಮಕ್ಕಳು. ನಾಲ್ಕು ದಿನ ಬಿಟ್ಟು ಪ್ರಿಂಟು ಕೈಗೆ ಬರುತ್ತದೆ. ನೋಡಿದರೆ ಎಲ್ಲರ ಮುಖವೂ ಮಸಿ ಬಳಿದಂತಿದೆ. ಮೂಗು ಯಾವುದು, ನಗು ಯಾವುದು ತಿಳಿಯದು. ಮನೆಯಲ್ಲಿ ತಾಯಿ ಮಗಳಿಗೆ, ‘ಬಿಸಿಲಲ್ಲಿ ಆಡಬೇಡ ಅಂದರೆ ಕೇಳ್ತೀಯಾ? ನೋಡು ಹೇಗೆ ಕಪ್ಪಾಗಿದ್ದೀ’ ಎನ್ನುತ್ತಾಳೆ.

ತಾಯಿ ಒಂದು ಸಂಗತಿಯನ್ನು ಗಮನಿಸಿಲ್ಲ. ಆ ಫೋಟೊದಲ್ಲಿ ಗೋಡೆಯೂ ಕಪ್ಪಾಗಿದೆ. ಹೊಸ ಸುಣ್ಣದ ಗೋಡೆ ಹತ್ತು ವರ್ಷದ ಹೊಗೆ ಕುಡಿದಂತೆ ಮಾಸಲು ಬೂದು ಬಣ್ಣಕ್ಕೆ ತಿರುಗಿದೆ. ಗೋಡೆಯೇನು ಬಿಸಿಲಿನಲ್ಲಿ ಕಬಡ್ಡಿ ಆಡಿತ್ತೆ? ತಪ್ಪು ಮಗಳದಲ್ಲ, ಬಿಸಿಲಿನದೂ ಅಲ್ಲ. ಕ್ಯಾಮೆರಾದ ಒಳಗೆ ಕುಳಿತು ಬೆಳಕು ಅಳೆಯುವ ಒಂದು ಸಣ್ಣ ಲೆಕ್ಕಿಗನದು. ಅವನು ಹೇಗೆ ಲೆಕ್ಕ ಹಾಕುತ್ತಾನೆ, ಅವನಿಗೆ ಸರಿಯಾದ ಜಾಗ ತೋರಿಸುವುದು ಹೇಗೆ ಎಂಬುದೇ ಈ ವಾರದ ವಿಷಯ. ಡಿಜಿಟಲ್ ಕ್ಯಾಮೆರಾಗಳಲ್ಲಿ ಸ್ಪಾಟ್ ಮೀಟರನ್ನು ಫೋಕಸ್ ಬಿಂದುವಿಗೆ ಗಂಟುಹಾಕುವ ಒಂದು ಸೌಲಭ್ಯವಿದೆ. ಅದನ್ನು ತಿಳಿದುಕೊಂಡರೆ ಈ ಲೆಕ್ಕಿಗನ ಗುಣವೂ ದೋಷವೂ ಎರಡೂ ಅರ್ಥವಾಗುತ್ತವೆ.

ಎಲ್ಲವೂ ಬೂದು

ಮನುಷ್ಯನ ಕಣ್ಣಿನ ಹಿಂದೆ ಮೆದುಳಿದೆ. ಸುಣ್ಣದ ಗೋಡೆ ಮುಸ್ಸಂಜೆಯಲ್ಲಿದ್ದರೂ ಅದು ಬಿಳಿ ಎಂದು ನಮಗೆ ಗೊತ್ತು. ಎರೆಮಣ್ಣಿನ ಹೊಲ ನಡುಮಧ್ಯಾಹ್ನದ ಬಿಸಿಲಿನಲ್ಲಿ ಹೊಳೆದರೂ ಅದು ಕಪ್ಪು ಎಂದು ಗೊತ್ತು. ಕ್ಯಾಮೆರಾದ ಮೀಟರಿಗೆ ಈ ತಿಳಿವಳಿಕೆ ಇಲ್ಲ. ವಸ್ತುವಿನಿಂದ ಚಿಮ್ಮಿ ಬಂದ ಬೆಳಕು ಎಷ್ಟು ಎಂಬುದಷ್ಟೇ ಅದಕ್ಕೆ ಸಿಗುವ ಮಾಹಿತಿ. ಬೆಳಕು ಹೆಚ್ಚು ಬಂದರೆ ಬಿಸಿಲು ಜೋರಾಗಿದೆಯೋ, ವಸ್ತುವೇ ಬೆಳ್ಳಗಿದೆಯೋ ಎಂದು ಹೇಳಲು ಅದರಿಂದಾಗದು.

ಹಾಗಾಗಿ ಮೀಟರು ತಯಾರಿಸಿದವರು ಒಂದು ಒಪ್ಪಂದಕ್ಕೆ ಬಂದರು. ಎದುರಿಗೆ ಏನೇ ಇರಲಿ, ಅದು ಕಪ್ಪೂ ಅಲ್ಲದ ಬಿಳುಪೂ ಅಲ್ಲದ ನಡುವಣ ಬೂದು ಎಂದು ಭಾವಿಸಿ ಲೆಕ್ಕ ಹಾಕುವುದು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಭಾಗವನ್ನು ಹಿಂದಿರುಗಿಸುವ ವಸ್ತು ನಮ್ಮ ಕಣ್ಣಿಗೆ ಇಂಥ ನಡುವಣ ಬೂದಾಗಿ ಕಾಣುತ್ತದೆ. ಛಾಯಾಗ್ರಾಹಕರ ಚೀಲದಲ್ಲಿ ಇರುವ ‘ಗ್ರೇ ಕಾರ್ಡ್’ ಎಂಬ ರಟ್ಟು ಇದೇ ಬಣ್ಣದ್ದು. ಎಲ್ಲ ಮೀಟರುಗಳೂ ಕರಾರುವಾಕ್ಕಾಗಿ 18ಕ್ಕೇ ಹೊಂದಿಸಿದವಲ್ಲ. ಕೆಲವು ಒಂದಿಷ್ಟು ಕಡಿಮೆಗೂ ಹೊಂದಿಸಲ್ಪಟ್ಟಿರುತ್ತವೆ. ಆದರೆ ತತ್ವ ಒಂದೇ: ಸಿಕ್ಕಿದ್ದನ್ನೆಲ್ಲ ಬೂದು ಮಾಡು.

ಈಗ ನಮ್ಮ ಗ್ರೂಪ್ ಫೋಟೊದ ಲೆಕ್ಕವನ್ನೇ ಬಿಡಿಸೋಣ. ವಿದ್ಯಾರ್ಥಿಗಳು ಪೆನ್ಸಿಲ್ ತೆಗೆದುಕೊಳ್ಳಬಹುದು. ಸುಣ್ಣದ ಗೋಡೆ ನೂರಕ್ಕೆ 80 ಭಾಗ ಬೆಳಕನ್ನು ಹಿಂದಿರುಗಿಸುತ್ತದೆ ಎನ್ನೋಣ. ಮುಖ, ಬಟ್ಟೆ, ನೆಲ ಎಲ್ಲ ಸೇರಿ ಸರಾಸರಿ 20 ಭಾಗ. ಚೌಕಟ್ಟಿನಲ್ಲಿ ನೂರಕ್ಕೆ 70 ಭಾಗ ಗೋಡೆಯೇ ತುಂಬಿದೆ, ಉಳಿದದ್ದು 30. ಇಡೀ ಚೌಕಟ್ಟಿನ ಸರಾಸರಿ ತೆಗೆದರೆ ಗೋಡೆಯ ಪಾಲು 56, ಮಿಕ್ಕದ್ದರ ಪಾಲು 6, ಒಟ್ಟು 62. ಮೀಟರು ಈ 62ನ್ನು 18ಕ್ಕೆ ಇಳಿಸಬೇಕೆಂದು ತೀರ್ಮಾನಿಸುತ್ತದೆ. ಆ ಪ್ರಮಾಣದಲ್ಲಿ ಇಳಿಸಿದಾಗ 80 ಇದ್ದ ಗೋಡೆ ಸುಮಾರು 23ಕ್ಕೆ ಬರುತ್ತದೆ, ಅಂದರೆ ಮಾಸಲು ಬೂದು. 20 ಇದ್ದ ಮುಖ ಸುಮಾರು 6ಕ್ಕೆ ಕುಸಿಯುತ್ತದೆ. ಮೂರನೆಯ ಒಂದು ಭಾಗವೂ ಉಳಿಯಲಿಲ್ಲ. ಗೋಡೆ ದೊಡ್ಡದಾದ್ದರಿಂದ ಅದರ ಮಾತು ನಡೆಯಿತು. ಮಕ್ಕಳ ಮುಖಗಳು ಚಿಕ್ಕವಾದ್ದರಿಂದ ಅವುಗಳ ಮಾತು ಕೇಳಲಿಲ್ಲ.

ಮೀಟರು ಇಲ್ಲದ ಕಾಲ

ಮೀಟರೇ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಹುಲಸೂರು, ಬಸವಕಲ್ಯಾಣ, ಹುಮನಾಬಾದ್ ಎಲ್ಲವೂ ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಊರುಗಳು. ಆ ಸಂಸ್ಥಾನದ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್ (1844–1905). ಗಾಜಿನ ಫಲಕಗಳ ಮೇಲೆ ಅವರು ತೆಗೆದ ಅರಮನೆ, ಕೋಟೆ, ಬೇಟೆಯ ಚಿತ್ರಗಳನ್ನು ಇಂದಿಗೂ ಜನ ಬೆರಗಿನಿಂದ ನೋಡುತ್ತಾರೆ. ವಿದ್ಯುತ್ ಮೀಟರು ಆಗಿನ್ನೂ ಬಂದಿರಲಿಲ್ಲ. ನೆರಳಿನ ಕಡುಪು, ಮೋಡದ ದಪ್ಪ, ಹೊತ್ತು ಇವನ್ನು ನೋಡಿ ಎಷ್ಟು ಹೊತ್ತು ಲೆನ್ಸಿನ ಮುಚ್ಚಳ ತೆರೆದಿರಬೇಕೆಂದು ಆ ಕಾಲದ ಛಾಯಾಗ್ರಾಹಕರು ಅಂದಾಜು ಮಾಡುತ್ತಿದ್ದರು. ಬೆಳಕು ಬಿದ್ದರೆ ವಿದ್ಯುತ್ ಹುಟ್ಟಿಸುವ ಕೋಶವಿದ್ದ ವೆಸ್ಟನ್ ಕಂಪನಿಯ ಕೈಮೀಟರು ಮಾರುಕಟ್ಟೆಗೆ ಬಂದದ್ದು 1932ರಲ್ಲಿ.

ಫಿಲ್ಮ್ ರೋಲಿನ ಕಾಲದ ಹಿರಿಯರಿಗೆ ಇನ್ನೊಂದು ಸೂತ್ರ ನೆನಪಿರಬಹುದು. ಸ್ವಚ್ಛ ಬಿಸಿಲಿನಲ್ಲಿ ದ್ಯುತಿರಂಧ್ರವನ್ನು ಎಫ್/16ಕ್ಕೆ ಇಟ್ಟು, ಐಎಸ್‌ಒ 100ರ ಫಿಲ್ಮಿಗೆ ಶಟರ್ ವೇಗ ಸೆಕೆಂಡಿನ 1/100ಕ್ಕೆ ಹತ್ತಿರದ 1/125 ಇಟ್ಟರೆ ಸಾಕು, ಚಿತ್ರ ಸರಿಯಾಗಿ ಬರುತ್ತದೆ. ಈ ಸೂತ್ರದ ಸೊಗಸು ಏನು ಗೊತ್ತೆ? ಇದು ವಸ್ತುವನ್ನು ನೋಡುವುದೇ ಇಲ್ಲ, ಬಿಸಿಲನ್ನು ನೋಡುತ್ತದೆ. ಗೋಡೆ ಬೆಳ್ಳಗಿದ್ದರೇನು, ಎಮ್ಮೆ ಕಪ್ಪಗಿದ್ದರೇನು, ಎರಡರ ಮೇಲೂ ಬಿದ್ದಿರುವ ಬಿಸಿಲು ಒಂದೇ. ಆದ್ದರಿಂದ ಗೋಡೆ ಬಿಳಿಯಾಗಿಯೇ, ಎಮ್ಮೆ ಕಪ್ಪಾಗಿಯೇ ಬರುತ್ತವೆ. ವಸ್ತುವಿನಿಂದ ಬಂದ ಬೆಳಕನ್ನು ಅಳೆಯುವ ಮೀಟರು ಕ್ಯಾಮೆರಾದೊಳಗೆ ಸೇರಿದ ಮೇಲೆಯೇ ನಾವು ಮೇಲೆ ನೋಡಿದ ಗೊಂದಲ ಶುರುವಾದದ್ದು.

ತಯಾರಕರು ಸುಮ್ಮನೆ ಕುಳಿತಿರಲಿಲ್ಲ. 1983ರಲ್ಲಿ ನಿಕಾನ್ ಕಂಪನಿ ತನ್ನ ಎಫ್‌ಎ ಕ್ಯಾಮೆರಾದಲ್ಲಿ ಚೌಕಟ್ಟನ್ನು ಐದು ಭಾಗ ಮಾಡಿ, ಒಂದೊಂದನ್ನೂ ಬೇರೆ ಬೇರೆ ಅಳೆದು, ತಾಳೆ ನೋಡಿ ತೀರ್ಮಾನಿಸುವ ಪದ್ಧತಿ ತಂದಿತು. ಇಂದಿನ ಕ್ಯಾಮೆರಾಗಳಲ್ಲಿ ಮೇಟ್ರಿಕ್ಸ್, ಮಲ್ಟಿ, ಇವ್ಯಾಲ್ಯುಯೇಟಿವ್ ಎಂದು ಬೇರೆ ಬೇರೆ ಹೆಸರಿನಲ್ಲಿ ಇರುವುದು ಅದರ ಬೆಳೆದ ರೂಪವೇ. ಹತ್ತರಲ್ಲಿ ಎಂಟು ಸಲ ಇದು ಸರಿಯಾಗಿಯೇ ಕೆಲಸ ಮಾಡುತ್ತದೆ. ಉಳಿದ ಎರಡು ಸಲಕ್ಕೆ, ಅಂದರೆ ನಮ್ಮ ಸುಣ್ಣದ ಗೋಡೆಯಂಥ ಸಂದರ್ಭಕ್ಕೆ, ಬೇಕಾದದ್ದು ಸ್ಪಾಟ್ ಮೀಟರ್.

ಒಂದು ಅಗುಳು ನೋಡಿದರೆ ಸಾಕೆ?

ಅನ್ನ ಬೆಂದಿದೆಯೇ ಎಂದು ನೋಡಲು ಯಾರೂ ಇಡೀ ಪಾತ್ರೆಯನ್ನು ಹಿಸುಕುವುದಿಲ್ಲ. ಒಂದು ಅಗುಳು ತೆಗೆದು ನೋಡುತ್ತಾರೆ. ಸ್ಪಾಟ್ ಮೀಟರ್ ಮಾಡುವುದು ಇದನ್ನೇ. ಇಡೀ ಚೌಕಟ್ಟನ್ನು ಬಿಟ್ಟು, ಅದರ ಒಂದು ಚಿಕ್ಕ ವೃತ್ತದ ಬೆಳಕನ್ನಷ್ಟೇ ಅಳೆಯುತ್ತದೆ. ನಿಕಾನ್ ಕಂಪನಿಯ ದೊಡ್ಡ ಸಂವೇದಕದ ಹಲವು ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಈ ವೃತ್ತದ ಅಗಲ 4 ಮಿಲಿಮೀಟರ್, ಚೌಕಟ್ಟಿನ ನೂರಕ್ಕೆ ಒಂದೂವರೆ ಭಾಗ. ಚಿಕ್ಕ ಸಂವೇದಕದವುಗಳಲ್ಲಿ ಮೂರೂವರೆ ಮಿಲಿಮೀಟರ್, ನೂರಕ್ಕೆ ಎರಡೂವರೆ ಭಾಗ. ಬೇರೆ ಕಂಪನಿಗಳ ವೃತ್ತ ಇದಕ್ಕಿಂತ ತುಸು ಹಿಗ್ಗಿರಬಹುದು, ಕುಗ್ಗಿರಬಹುದು.

ಆದರೆ ಅನ್ನದ ಪಾತ್ರೆಗೂ ಫೋಟೊಗೂ ಒಂದು ವ್ಯತ್ಯಾಸವಿದೆ. ಪಾತ್ರೆಯ ಅಗುಳುಗಳೆಲ್ಲ ಒಂದೇ ತೆರನಾದವು, ಯಾವುದನ್ನು ಹಿಸುಕಿದರೂ ನಡೆಯುತ್ತದೆ. ಚೌಕಟ್ಟಿನಲ್ಲಿ ಅಗುಳಿಗೊಂದು ಬಣ್ಣ. ಗೋಡೆಯ ಅಗುಳು ಬೇರೆ, ಮುಖದ ಅಗುಳು ಬೇರೆ, ತಲೆಗೂದಲಿನ ಅಗುಳು ಬೇರೆ. ಹಾಗಾಗಿ ಯಾವ ಅಗುಳನ್ನು ಹಿಸುಕುತ್ತೀರಿ ಎಂಬುದರ ಮೇಲೆ ಇಡೀ ಚಿತ್ರದ ಹಣೆಬರಹ ನಿಂತಿದೆ.

ಇಲ್ಲೊಂದು ತಮಾಷೆಯ ಚರಿತ್ರೆಯಿದೆ. 1960ರಲ್ಲಿ ಜರ್ಮನಿಯ ಫೋಟೊಕಿನಾ ಮೇಳದಲ್ಲಿ ಜಪಾನಿನ ಪೆಂಟಾಕ್ಸ್ ಕ್ಯಾಮೆರಾ ತಯಾರಕರು ಸ್ಪಾಟ್ ಮೀಟರ್ ಇದ್ದ ಒಂದು ಮಾದರಿಯನ್ನು ಪ್ರದರ್ಶಿಸಿದರು. ಹೆಸರು ಸ್ಪಾಟ್‌ಮ್ಯಾಟಿಕ್. 1964ರಲ್ಲಿ ಅದು ಅಂಗಡಿಗೆ ಬರುವ ಹೊತ್ತಿಗೆ ಒಳಗಿನ ಮೀಟರು ಬದಲಾಗಿ ಇಡೀ ಚೌಕಟ್ಟಿನ ಸರಾಸರಿ ಅಳೆಯುವಂಥದ್ದಾಗಿತ್ತು. ಹೆಸರು ಮಾತ್ರ ಸ್ಪಾಟ್‌ಮ್ಯಾಟಿಕ್ ಎಂದೇ ಉಳಿಯಿತು. ಮುಂದೆ 1983ರಲ್ಲಿ ಒಲಿಂಪಸ್ ಕಂಪನಿಯ ಓಎಂ-4 ಕ್ಯಾಮೆರಾ ಒಂದಲ್ಲ, ಎಂಟು ಅಗುಳುಗಳನ್ನು ಒಂದಾದ ಮೇಲೆ ಒಂದರಂತೆ ಹಿಸುಕಿ ಸರಾಸರಿ ತೆಗೆಯುವ ಅನುಕೂಲ ಮಾಡಿಕೊಟ್ಟಿತು.

ಗಂಟು ಹಾಕಿದ್ದು ಹೇಗೆ?

ಹಳೆಯ ಸ್ಪಾಟ್ ಮೀಟರಿನ ತೊಡಕು ಅದರ ಜಾಗದ್ದು. ಅದು ಚೌಕಟ್ಟಿನ ನಟ್ಟನಡುವೆ ಕುಳಿತಿರುತ್ತಿತ್ತು. ಆದರೆ ಒಳ್ಳೆಯ ಚಿತ್ರದಲ್ಲಿ ಮುಖ ಯಾವಾಗಲೂ ನಡುವೆ ಇರುತ್ತದೆಯೆ? ಎಡಗಡೆ ಹುಡುಗಿ, ಬಲಗಡೆ ಅವಳು ಬಿಡಿಸಿದ ರಂಗೋಲಿ ಇರುವ ಚಿತ್ರ ಬೇಕು ಎನ್ನಿ. ಆಗ ಹೀಗೆ ಮಾಡಬೇಕಿತ್ತು: ಮೊದಲು ಕ್ಯಾಮೆರಾ ತಿರುಗಿಸಿ ಮುಖವನ್ನು ನಡುವೆ ತರಬೇಕು. ಅಲ್ಲಿ ಬೆಳಕು ಅಳೆಯಬೇಕು. ಎಇ-ಎಲ್ ಗುಂಡಿ ಒತ್ತಿ ಆ ಅಳತೆಯನ್ನು ಹಿಡಿದಿಡಬೇಕು. ಬೆರಳು ಬಿಡದೆ ಕ್ಯಾಮೆರಾವನ್ನು ಹಿಂದಿನ ಜಾಗಕ್ಕೆ ತರಬೇಕು. ಆಮೇಲೆ ಒತ್ತಬೇಕು. ಅಷ್ಟರಲ್ಲಿ ಹುಡುಗಿ ನೀರು ಕುಡಿಯಲು ಹೋಗಿರುತ್ತಾಳೆ!

ಈ ನಡುವೆ ಫೋಕಸ್ ಮಾಡುವ ಬಿಂದುಗಳು ನಡುವಿನಿಂದ ಹೊರಗೂ ಹರಡಿದವು. ಮುಖ ಎಡಕ್ಕಿದ್ದರೆ ಎಡಗಡೆಯ ಫೋಕಸ್ ಬಿಂದುವನ್ನು ಆರಿಸಿಕೊಳ್ಳಬಹುದಾಯಿತು. ಹಾಗಾದರೆ ಬೆಳಕು ಅಳೆಯುವ ವೃತ್ತವೂ ಅದರ ಹಿಂದೆಯೇ ಯಾಕೆ ಹೋಗಬಾರದು? ನಾವು ಫೋಕಸ್ ಮಾಡುವುದು ನಮಗೆ ಮುಖ್ಯವಾದ ವಸ್ತುವಿನ ಮೇಲೆ ತಾನೆ? ಇದೇ ಜೋಡಣೆಯ ತರ್ಕ. 1996ರಲ್ಲಿ ಬಂದ ನಿಕಾನ್ ಎಫ್5 ಎಂಬ ಫಿಲ್ಮ್ ಕ್ಯಾಮೆರಾದಲ್ಲಿ ಐದು ಫೋಕಸ್ ಬಿಂದುಗಳಿದ್ದವು. ಯಾವುದನ್ನು ಆರಿಸಿದರೂ ಸ್ಪಾಟ್ ಮೀಟರಿನ ವೃತ್ತ ಅಲ್ಲಿಗೇ ಹೋಗಿ ಕೂರುತ್ತಿತ್ತು.

ಡಿಜಿಟಲ್ ಕ್ಯಾಮೆರಾಗಳಲ್ಲಿ ಈ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ನಿಕಾನ್‌ನಲ್ಲಿ ಸ್ಪಾಟ್ ಮೀಟರಿಂಗ್ ಆರಿಸಿದರೆ ಸಾಕು, ವೃತ್ತ ತಾನಾಗಿಯೇ ಫೋಕಸ್ ಬಿಂದುವಿನ ಹಿಂದೆ ಹೋಗುತ್ತದೆ. ಸೋನಿ ಕಂಪನಿಯ ಇತ್ತೀಚಿನ ಹಲವು ಕ್ಯಾಮೆರಾಗಳ ಮೆನುವಿನಲ್ಲಿ ‘ಸ್ಪಾಟ್ ಮೀಟರಿಂಗ್ ಪಾಯಿಂಟ್’ ಎಂಬ ಸಾಲು ಇದೆ. ಅದರಲ್ಲಿ ‘ಸೆಂಟರ್’ ಅಥವಾ ‘ಫೋಕಸ್ ಪಾಯಿಂಟ್ ಲಿಂಕ್’ ಎಂದು ಎರಡರಲ್ಲಿ ಒಂದನ್ನು ನೀವೇ ಆರಿಸಬೇಕು. ಫ್ಯೂಜಿಫಿಲ್ಮ್‌ನಲ್ಲಿ ‘ಇಂಟರ್‌ಲಾಕ್ ಸ್ಪಾಟ್ ಎಇ ಅಂಡ್ ಫೋಕಸ್ ಏರಿಯಾ’ ಎಂಬ ಉದ್ದನೆಯ ಹೆಸರು. ಕ್ಯಾನನ್‌ನ ಬಹುಪಾಲು ಡಿಎಸ್‌ಎಲ್‌ಆರ್‌ಗಳಲ್ಲಿ ವೃತ್ತ ನಡುವಿನಲ್ಲೇ ಇರುತ್ತದೆ, ದುಬಾರಿಯಾದ 1ಡಿ ಸಾಲಿನವುಗಳಲ್ಲಿ ಮಾತ್ರ ಫೋಕಸ್ ಬಿಂದುವಿನ ಜೊತೆ ಹೋಗುತ್ತದೆ. ಮದುವೆ ಫೋಟೊ ತೆಗೆಯುವವರು ತಮ್ಮ ಕ್ಯಾಮೆರಾದ ಪುಸ್ತಕವನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಒಂದು ಷರತ್ತು ಮರೆಯಬಾರದು. ಫೋಕಸ್ ಬಿಂದುವನ್ನು ನೀವೇ ಆರಿಸಿದಾಗ ಮಾತ್ರ ಈ ಗಂಟು ಗಟ್ಟಿ. ‘ನೀನೇ ಎಲ್ಲಾದರೂ ಫೋಕಸ್ ಮಾಡಿಕೋ’ ಎಂದು ಕ್ಯಾಮೆರಾಕ್ಕೆ ಬಿಟ್ಟುಕೊಟ್ಟರೆ ಅನೇಕ ಮಾದರಿಗಳಲ್ಲಿ ವೃತ್ತ ಮತ್ತೆ ನಡುವಿಗೆ ಓಡುತ್ತದೆ. ಆದ್ದರಿಂದ ಒಂದೇ ಬಿಂದುವಿನ ಫೋಕಸ್, ಸ್ಪಾಟ್ ಮೀಟರಿಂಗ್, ಮೆನುವಿನಲ್ಲಿ ಜೋಡಣೆ ಈ ಮೂರೂ ಇವೆಯೇ ಎಂದು ನೋಡಿಕೊಳ್ಳಬೇಕು.

‘ನಮ್ಮ ಮನೆಯಲ್ಲಿ ಅಂಥ ಕ್ಯಾಮೆರಾ ಇಲ್ಲ, ಮೊಬೈಲ್ ಮಾತ್ರ ಇದೆ’ ಎನ್ನುವವರು ಪುಟ ತಿರುವಬೇಡಿ. ಈ ಗಂಟು ನಿಮ್ಮ ಮೊಬೈಲಿನಲ್ಲೂ ಇದೆ. ಪರದೆಯ ಮೇಲೆ ಮುಖದ ಜಾಗದಲ್ಲಿ ಬೆರಳು ತಾಗಿಸಿ ನೋಡಿ. ಒಂದು ಚೌಕವೋ ವೃತ್ತವೋ ಮೂಡುತ್ತದೆ, ಮುಖ ಸ್ಪಷ್ಟವಾಗುತ್ತದೆ, ಅದೇ ಕ್ಷಣದಲ್ಲಿ ಇಡೀ ಚಿತ್ರದ ಬೆಳಕೂ ಬದಲಾಗುತ್ತದೆ. ಒಂದೇ ಬೆರಳಿನಿಂದ ಫೋಕಸೂ ಆಯಿತು, ಬೆಳಕಿನ ಅಳತೆಯೂ ಆಯಿತು. ಬೆರಳನ್ನು ಅಲ್ಲೇ ತುಸು ಹೊತ್ತು ಒತ್ತಿ ಹಿಡಿದರೆ ಹಲವು ಮೊಬೈಲುಗಳಲ್ಲಿ ಎರಡಕ್ಕೂ ಬೀಗ ಬೀಳುತ್ತದೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಆ ಪುಟ್ಟ ಸೂರ್ಯನೇ ಈ ಲೇಖನದ ಮುಂದಿನ ಭಾಗದ ನಾಯಕ.

ಗಂಟಿನ ಗುಣ, ಗಂಟಿನ ದೋಷ

ಜೋಡಣೆ ಮಾಡಿದ ತಕ್ಷಣ ಎಲ್ಲ ಸರಿಹೋಯಿತು ಎಂದುಕೊಂಡರೆ ಇನ್ನೊಂದು ಗುಂಡಿಗೆ ಬಿದ್ದಂತೆ. ಮೀಟರಿನ ಜಾಗ ಬದಲಾಗಿದೆ, ಬುದ್ಧಿ ಬದಲಾಗಿಲ್ಲ. ಮೊದಲು ಇಡೀ ಚೌಕಟ್ಟನ್ನು ಬೂದು ಮಾಡಲು ಹೊರಟಿತ್ತು, ಈಗ ನೀವು ಬೊಟ್ಟು ಮಾಡಿದ ಒಂದು ಅಗುಳನ್ನು ಬೂದು ಮಾಡಲು ಹೊರಡುತ್ತದೆ.

ಬೀದರಿನ ಬಿದ್ರಿ ಹೂಜಿಯನ್ನು ನೆನೆಯಿರಿ. ಸತು ಮತ್ತು ತಾಮ್ರ ಬೆರೆತ ಲೋಹದಲ್ಲಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಸೇರಿದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಕಡುಗಪ್ಪಿನಲ್ಲೇ ಅದರ ಚೆಲುವು. ಈಗ ಫೋಕಸ್ ಬಿಂದುವನ್ನು ಕಪ್ಪು ಭಾಗದ ಮೇಲಿಟ್ಟು ಚಿತ್ರ ತೆಗೆಯಿರಿ. ಕಪ್ಪು ಹಿಂದಿರುಗಿಸುವ ಬೆಳಕು ನೂರಕ್ಕೆ 4 ಎನ್ನೋಣ. ಮೀಟರು ಅದನ್ನು 18ಕ್ಕೆ ಏರಿಸುತ್ತದೆ. ಹೂಜಿ ಅಲ್ಯೂಮಿನಿಯಂ ತಂಬಿಗೆಯಂತೆ ಬೂದಾಗಿ, ಬೆಳ್ಳಿಯ ಬಳ್ಳಿ ಸುಟ್ಟು ಬಿಳಿಯ ಕಲೆಯಾಗುತ್ತದೆ. ಅದೇ ಬಿಂದುವನ್ನು ಬೆಳ್ಳಿಯ ಹೂವಿನ ಮೇಲಿಟ್ಟರೆ ಉಲ್ಟಾ. ಬೆಳ್ಳಿ ಬೂದಾಗಿ, ಉಳಿದದ್ದೆಲ್ಲ ಕತ್ತಲೆ.

ಪರಿಹಾರ ಸುಲಭ. ಕ್ಯಾಮೆರಾದಲ್ಲಿ ಪ್ಲಸ್ ಮೈನಸ್ ಗುರುತಿನ ಒಂದು ಗುಂಡಿ ಇರುತ್ತದೆ. ಮೊಬೈಲಿನಲ್ಲಿ ಆ ಪುಟ್ಟ ಸೂರ್ಯ. ಬೆಳಕನ್ನು ಎರಡು ಪಟ್ಟು ಮಾಡಿದರೆ ಒಂದು ಸ್ಟಾಪ್ ಏರಿತು ಎನ್ನುತ್ತಾರೆ, ಅರ್ಧ ಮಾಡಿದರೆ ಒಂದು ಸ್ಟಾಪ್ ಇಳಿಯಿತು. 4ನ್ನು 18 ಮಾಡಿದ್ದೆಂದರೆ ನಾಲ್ಕೂವರೆ ಪಟ್ಟು, ಸರಿಸುಮಾರು ಎರಡು ಸ್ಟಾಪ್ ಹೆಚ್ಚು. ಆದ್ದರಿಂದ ಕಪ್ಪು ವಸ್ತುವಿನ ಮೇಲೆ ಬಿಂದು ಇಟ್ಟಾಗ ಮೈನಸ್ 2. ಸುಣ್ಣದ ಗೋಡೆಯ ಅಥವಾ ಬಿಳಿ ಅಂಗಿಯ ಮೇಲೆ ಬಿಂದು ಇಟ್ಟರೆ 80 ಇದ್ದದ್ದು 18 ಆಗುತ್ತದೆ, ಸುಮಾರು ಎರಡು ಸ್ಟಾಪ್ ಕಡಿಮೆ. ಅಲ್ಲಿ ಪ್ಲಸ್ 2. ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್. ಕೇಳಲು ತಿರುಗುಮುರುಗು ಎನಿಸಿದರೂ ಲೆಕ್ಕ ಇದೇ.

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ಇದನ್ನೇ ಒಂದು ಕ್ರಮಬದ್ಧ ಪಾಠವಾಗಿ ಬೋಧಿಸಿದರು. ಕಡುಗಪ್ಪಿನಿಂದ ಶುದ್ಧ ಬಿಳುಪಿನವರೆಗೆ ಸೊನ್ನೆಯಿಂದ ಹತ್ತರ ತನಕ ಹನ್ನೊಂದು ಮೆಟ್ಟಿಲು. ಮೀಟರು ಯಾವಾಗಲೂ ಐದನೆಯ ಮೆಟ್ಟಿಲನ್ನು ಹೇಳುತ್ತದೆ. ವಸ್ತು ನಿಜವಾಗಿ ಯಾವ ಮೆಟ್ಟಿಲಿನದು ಎಂದು ಹೇಳಬೇಕಾದವನು ಕ್ಯಾಮೆರಾ ಹಿಡಿದವನು. ಯಂತ್ರ ಎಷ್ಟು ಬದಲಾದರೂ ಈ ಮಾತು ಹಳತಾಗಿಲ್ಲ.

ಮೈಬಣ್ಣದ ಪ್ರಶ್ನೆ

ಈಗ ಮುಖಕ್ಕೆ ಬರೋಣ. ತಂದೆತಾಯಿಗಳು ಈ ಭಾಗವನ್ನು ತುಸು ನಿಧಾನವಾಗಿ ಓದಬೇಕು. ಬಿಂದುವನ್ನು ಮುಖದ ಮೇಲೆ ಇಟ್ಟಾಗ ಮೀಟರು ಎಲ್ಲ ಮುಖಗಳನ್ನೂ ಒಂದೇ ಬೂದಿಗೆ ಎಳೆಯುತ್ತದೆ. ನೂರಕ್ಕೆ 36 ಭಾಗ ಬೆಳಕು ಹಿಂದಿರುಗಿಸುವ ಬಿಳಿಯ ಮುಖವನ್ನು ಒಂದು ಸ್ಟಾಪ್ ಕಪ್ಪಾಗಿಸುತ್ತದೆ. 9 ಭಾಗ ಹಿಂದಿರುಗಿಸುವ ಕಪ್ಪು ಮುಖವನ್ನು ಒಂದು ಸ್ಟಾಪ್ ಬಿಳಿಚಿಸುತ್ತದೆ. ಎರಡೂ ಸುಳ್ಳು. ಗೋದಿಬಣ್ಣದ ಮುಖ ಮಾತ್ರ ಹೆಚ್ಚೂಕಡಿಮೆ ಇದ್ದಂತೆಯೇ ಬರುತ್ತದೆ.

ಫೋಟೊದ ಇತಿಹಾಸದಲ್ಲಿ ಈ ಸುಳ್ಳು ಹೊಸದಲ್ಲ. ಕೊಡ್ಯಾಕ್ ಕಂಪನಿ ತನ್ನ ಬಣ್ಣದ ಫಿಲ್ಮುಗಳನ್ನು ಪ್ರಿಂಟು ಹಾಕುವ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲೆಂದು ಒಂದು ಮಾದರಿ ಚಿತ್ರ ಕಳುಹಿಸುತ್ತಿತ್ತು. ‘ಶರ್ಲಿ ಕಾರ್ಡ್’ ಎಂದು ಅದರ ಹೆಸರು. ಅದರಲ್ಲಿ ಇರುತ್ತಿದ್ದವಳು ಬಿಳಿ ಮೈಬಣ್ಣದ ಹೆಣ್ಣುಮಗಳು. ಅವಳ ಕೆನ್ನೆ ಸರಿಯಾಗಿ ಬಂದರೆ ಬಣ್ಣ ಸರಿಯಾಗಿದೆ ಎಂದು ಲೆಕ್ಕ. ಕಪ್ಪು ಮೈಬಣ್ಣದವರ ಮುಖದ ವಿವರ ಅಳಿಸಿ ಹೋಗುತ್ತಿತ್ತು. ಕಡುಕಂದು ಬಣ್ಣಗಳನ್ನು ಸುಧಾರಿಸಲು ಕಂಪನಿ ಮುಂದಾದದ್ದರ ಹಿಂದೆ ಜನರ ದೂರಿಗಿಂತ ಚಾಕಲೇಟು ಮತ್ತು ಮರದ ಪೀಠೋಪಕರಣ ಮಾರುವವರ ದೂರು ಕೆಲಸ ಮಾಡಿತ್ತು ಎಂದು ಕೆನಡಾದ ಸಂಶೋಧಕಿ ಲೋರ್ನಾ ರಾತ್ ದಾಖಲಿಸಿದ್ದಾರೆ. ಬೇರೆ ಬೇರೆ ಮೈಬಣ್ಣದವರು ಜೊತೆಗಿರುವ ಮಾದರಿ ಕಾರ್ಡುಗಳು 1990ರ ದಶಕದಲ್ಲಿ ಬಂದವು. ಗೂಗಲ್ ಕಂಪನಿ 2021ರಲ್ಲಿ ತನ್ನ ಪಿಕ್ಸೆಲ್ 6 ಮೊಬೈಲಿನಲ್ಲಿ ‘ರಿಯಲ್ ಟೋನ್’ ಎಂಬ ಹೆಸರಿನಲ್ಲಿ ಈ ಕೊರತೆಯನ್ನು ತುಂಬಲು ಯತ್ನಿಸಿತು.

ನಮ್ಮಲ್ಲಿ ಈ ರೋಗದ ರೂಪ ಬೇರೆ. ಇಲ್ಲಿ ಕಪ್ಪು ಮುಖವನ್ನು ಬೆಳ್ಳಗೆ ಮಾಡಿಕೊಟ್ಟರೆ ‘ಫೋಟೊ ಚೆನ್ನಾಗಿದೆ’ ಎನ್ನುತ್ತೇವೆ. ಸ್ಟುಡಿಯೋದಲ್ಲಿ ಸುಣ್ಣ ಹಚ್ಚಿದಂತೆ ಬಿಳಿ ಮಾಡುವುದೂ, ಮೊಬೈಲಿನ ಬ್ಯೂಟಿ ಫಿಲ್ಟರಿನಲ್ಲಿ ಕೆನ್ನೆ ತಿಕ್ಕಿ ನುಣ್ಣಗೆ ಮಾಡುವುದೂ ಇದೇ ಮನೋಭಾವದ ಮಕ್ಕಳು. ಹೀಗೆ ತಿದ್ದಿದ ತನ್ನ ಚಿತ್ರವನ್ನು ನೋಡಿದ ಹುಡುಗಿಗೆ ಏನು ಅರ್ಥವಾಗುತ್ತದೆ? ‘ನಿನ್ನ ಮುಖ ಇರುವಂತೆ ಇದ್ದರೆ ಸಾಲದು’ ಎಂದಲ್ಲವೆ? ಕತ್ತಲೆಯಲ್ಲಿ ಮುಖ ಅಳಿಸಿ ಹೋಗುವುದು ಒಂದು ಅನ್ಯಾಯವಾದರೆ, ಸುಣ್ಣದಲ್ಲಿ ಅಳಿಸಿ ಹೋಗುವುದು ಇನ್ನೊಂದು. ಕಪ್ಪು ಮುಖದ ಮೇಲೆ ಬಿಂದು ಇಟ್ಟು ಮೈನಸ್ ಅರ್ಧದಿಂದ ಒಂದು ಸ್ಟಾಪ್ ಇಳಿಸಿ. ಕಪ್ಪು ಕಪ್ಪಾಗಿಯೇ, ಆದರೆ ಕಣ್ಣಿನ ಹೊಳಪು, ಕೆನ್ನೆಯ ಉಬ್ಬು, ನಗುವಿನ ಗೆರೆ ಎಲ್ಲವೂ ಇರುವ ಚಿತ್ರ ಬರುತ್ತದೆ. ಅದು ಅವಳ ನಿಜವಾದ ಮುಖ.

ಇನ್ನೊಂದು ಮಾತು. ಮುಖ ಮರದ ನೆರಳಿನಲ್ಲಿದ್ದು ಹಿಂದಿನ ಗೋಡೆ ಉರಿಬಿಸಿಲಿನಲ್ಲಿದ್ದರೆ ಯಾವ ಮೀಟರೂ ಎರಡನ್ನೂ ಉಳಿಸಿಕೊಡಲಾರದು. ಮುಖಕ್ಕೆ ಅಳೆದರೆ ಗೋಡೆ ಬಿಳಿಯ ಹಾಳೆಯಾಗುತ್ತದೆ. ಆಗ ಗುಂಡಿ ಒತ್ತುವುದಕ್ಕಿಂತ ಕಾಲು ಎತ್ತುವುದು ಮೇಲು. ಹಿನ್ನೆಲೆಯೂ ನೆರಳಾಗಿರುವ ಜಾಗಕ್ಕೆ ಎಲ್ಲರನ್ನೂ ಕರೆದೊಯ್ಯಿರಿ. ಇಲ್ಲವೆ ಇಬ್ಬರು ಹುಡುಗರು ಒಂದು ಬಿಳಿ ಪಂಚೆಯನ್ನು ಬಿಸಿಲಿಗೆ ಹಿಡಿದು ಅದರ ಬೆಳಕನ್ನು ಮುಖಗಳ ಮೇಲೆ ಬೀಳಿಸಲಿ. ಖರ್ಚಿಲ್ಲದ ಉಪಾಯ.

ಕಲ್ಲಿನ ಮುಖಗಳು

ಹುಮನಾಬಾದ್ ಕಡೆಯ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಫಲಕದ ಮೇಲೆ ಶಾಸನ ಬರೆಯುತ್ತಿದ್ದಾಳೆ. ಅವಳು ಬರೆದಿರುವುದು 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಬೆನ್ನು ತಿರುಗಿಸಿ ಬರೆಯುವುದರಲ್ಲಿ ಮುಳುಗಿದ ಈ ಹೆಣ್ಣಿನ ಚಿತ್ರವನ್ನು ಅನೇಕರು ಪುಸ್ತಕಗಳಲ್ಲಿ ನೋಡಿರಬಹುದು. ಶಾಲೆಯಿಂದ ಪ್ರವಾಸಕ್ಕೆ ಹೋದ ಮಕ್ಕಳು ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಮಾತ್ರ ಹಿಂದಿನ ಆಕಾಶ ಬೆಳಗಿ, ಅವಳು ಕರಿಯ ನೆರಳಾಗುವ ಸಾಧ್ಯತೆಯೇ ಹೆಚ್ಚು. ಬಸವಕಲ್ಯಾಣದಲ್ಲಿ 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆಯನ್ನು ಕೆಳಗೆ ನಿಂತು ತೆಗೆಯುವವರ ಪಾಡೂ ಇದೇ. ಆಕಾಶದ ಅಗುಳು ದೊಡ್ಡದು, ಮುಖದ ಅಗುಳು ಚಿಕ್ಕದು.

ಇಂಥ ಕಡೆ ಜೋಡಣೆಯ ನಿಜವಾದ ಬೆಲೆ ತಿಳಿಯುತ್ತದೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಚೌಕಟ್ಟನ್ನು ಹೊಂದಿಸಿ, ಬಿಂದುವನ್ನು ಮಾತ್ರ ಫಲಕದ ಅಕ್ಷರಗಳ ಮೇಲೆ ಸರಿಸಿದರೆ ಸಾಕು. ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸಬೇಕಾಗಿಲ್ಲ. ಕಲ್ಲು ಕಪ್ಪು ಛಾಯೆಯದಾದ್ದರಿಂದ ಒಂದು ಸ್ಟಾಪ್ ಇಳಿಸಿ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹೋದರೆ ಅಕ್ಷರದ ಒಂದು ಅಂಚು ಬೆಳಗಿ ಇನ್ನೊಂದು ಅಂಚಿನಲ್ಲಿ ನೆರಳು ನಿಲ್ಲುತ್ತದೆ, ಆಗ ಓದಲು ಬರುತ್ತದೆ. ಕಲ್ಲು ಮಳೆ ಬಿಸಿಲಿಗೆ ಸವೆಯುತ್ತದೆ. ಇಂದು ನಿಮ್ಮ ಮಕ್ಕಳು ತೆಗೆದ ಸ್ಪಷ್ಟವಾದ ಒಂದು ಚಿತ್ರ ಐವತ್ತು ವರ್ಷದ ಮೇಲೆ ದಾಖಲೆಯಾದೀತು. ನೆರಳಿನ ಗೊಂಬೆಯಂತೆ ಬಂದ ಚಿತ್ರ ಮೊಬೈಲಿನ ಜಾಗವನ್ನಷ್ಟೇ ತಿನ್ನುತ್ತದೆ.

ಗಂಟು ಬಿಚ್ಚುವ ಹೊತ್ತು

ಎಲ್ಲ ಹೊತ್ತಿನಲ್ಲೂ ಈ ಜೋಡಣೆ ಬೇಕೆಂದಿಲ್ಲ. ಕಬಡ್ಡಿ ಪಂದ್ಯ ನಡೆದಿದೆ ಎನ್ನಿ. ಬಿಂದು ಒಮ್ಮೆ ಆಟಗಾರನ ಬಿಳಿ ಬನಿಯನ್ನಿನ ಮೇಲೆ, ಮರುಕ್ಷಣ ಅವನ ಕಪ್ಪು ಕೂದಲಿನ ಮೇಲೆ ಬೀಳುತ್ತದೆ. ಒಂದು ಚಿತ್ರ ಕತ್ತಲೆ, ಮುಂದಿನದು ಬೆಳ್ಳಂಬೆಳಗು. ಅಂಗಳದ ಬೆಳಕು ಎಲ್ಲೆಡೆ ಒಂದೇ ಆಗಿರುವುದರಿಂದ ಮೇಲೆ ಹೇಳಿದ ಎಫ್/16ರ ಹಳೆಯ ಸೂತ್ರವೇ ಇಲ್ಲಿ ಮೇಲು. ಅದನ್ನು ಕೈಯಿಂದ ಹೊಂದಿಸಿಟ್ಟು ಆಟ ನೋಡಿ. ಓಟವನ್ನು ಹಿಡಿಯಲು ದ್ಯುತಿರಂಧ್ರವನ್ನು ಮೂರು ಸ್ಟಾಪ್ ಹಿಗ್ಗಿಸಿ ಎಫ್/5.6 ಮಾಡಿ, ಶಟರನ್ನು ಅಷ್ಟೇ ಚುರುಕುಗೊಳಿಸಿ 1/1000 ಮಾಡಿದರೆ ಬೆಳಕಿನ ಲೆಕ್ಕ ಅದೇ ಉಳಿಯುತ್ತದೆ.

ಶಾಲೆಯ ಗ್ಯಾದರಿಂಗಿನಲ್ಲಿ ವಿಷಯ ಬೇರೆ. ವೇದಿಕೆಯ ಮೇಲೆ ಒಂದೇ ದೀಪ, ಅದರ ಕೆಳಗೆ ಏಕಪಾತ್ರಾಭಿನಯ ಮಾಡುವ ಹುಡುಗ, ಸುತ್ತಲೂ ಕತ್ತಲೆ. ಸರಾಸರಿ ತೆಗೆಯುವ ಮೀಟರು ಕತ್ತಲೆಯನ್ನು ಕಂಡು ಗಾಬರಿಯಾಗಿ ಬೆಳಕು ಏರಿಸುತ್ತದೆ, ಹುಡುಗನ ಮುಖ ಸುಟ್ಟುಹೋಗುತ್ತದೆ. ಇಲ್ಲಿ ಮುಖದ ಮೇಲಿನ ಬಿಂದುವೇ ಕಾಪಾಡಬೇಕು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ ಹೇಳಿ ಮುಗಿಸುತ್ತೇನೆ. ಒಂದು ಬಿಳಿ ಟವೆಲು, ಒಂದು ಕಪ್ಪು ಛತ್ರಿ, ಒಂದು ಜೋಳದ ರೊಟ್ಟಿ ಈ ಮೂರನ್ನೂ ಪಡಸಾಲೆಯ ಒಂದೇ ನೆರಳಿನಲ್ಲಿ ಸಾಲಾಗಿ ಇಡಿ. ಮೊಬೈಲನ್ನು ಒಂದೇ ಜಾಗದಲ್ಲಿ ಹಿಡಿದು, ಒಂದೊಂದರ ಮೇಲೂ ಬೆರಳು ತಾಗಿಸಿ ಮೂರು ಚಿತ್ರ ತೆಗೆಯಿರಿ. ಮೂರರಲ್ಲೂ ರೊಟ್ಟಿ ಹೇಗೆ ಬಂದಿದೆ ಎಂದು ನೋಡಿ. ಆಮೇಲೆ ಪುಟ್ಟ ಸೂರ್ಯನನ್ನು ಎಳೆದು ಮೂರು ಚಿತ್ರಗಳೂ ಒಂದೇ ರೀತಿ ಬರುವಂತೆ ಮಾಡಿ. ಯಾವುದಕ್ಕೆ ಮೇಲೆ ಎಳೆದಿರಿ, ಯಾವುದಕ್ಕೆ ಕೆಳಗೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಲ್ಕನೆಯ ಚಿತ್ರಕ್ಕೆ ಮನೆಯಲ್ಲಿ ಅತಿ ಕಪ್ಪಗಿರುವವರನ್ನೂ ಅತಿ ಬೆಳ್ಳಗಿರುವವರನ್ನೂ ಜೊತೆಯಲ್ಲಿ ಕೂರಿಸಿ, ಇಬ್ಬರೂ ಇದ್ದಂತೆಯೇ ಬರುವ ಹಾಗೆ ತೆಗೆಯಿರಿ. ಅದು ಕೈಗೂಡಿದ ದಿನ ನೀವು ಬೆಳಕು ಅಳೆಯುವುದನ್ನು ಕಲಿತಿರಿ ಎಂದು ತಿಳಿಯಬಹುದು.